ಅವ್ವ ಬೆಳಗಿದ ಡಿಸ್ಕು

ಮಳವಳ್ಳಿ
1 ಡಿಸೆಂಬರ್ 2018, ಶನಿವಾರ

ಶಿವರಾಜು ಅವರಿಗೆ,

ನಿನ್ನೆ ಮಂಡ್ಯಕ್ಕೆ ಹೋಗಿ ಮೈತ್ರಿಯ ಡಿಸ್ಕನ್ನು ತೋರಿಸಿಕೊಂಡು ಬಂದೆ. ಅದು ಹಾಳಾಗಿದೆ. ಫೋನು ಮಾಡಿದರೆ ಇಬ್ಬರೂ ದನಿ ಎತ್ತುತ್ತೇವೆ, ಅದಕ್ಕೇ ಬರೆದು, ಇವತ್ತೇ ಯಲಿಯೂರಿಗೆ ಬರುವವರ ಕೈಯಲ್ಲಿ ನಿಮಗೆ ಕಳಿಸುತ್ತಿದ್ದೇನೆ.

ಕೊಪ್ಪದಲ್ಲಿ ಅವ್ವನ ಮನೆಯ ಜಗುಲಿಯ ಮೇಲೆ, ಬುದ್ಧ ಪೂರ್ಣಿಮೆಯ ದಿನ ನೀವು ತೆಗೆದ ವಿಡಿಯೊ ಅದು. ನಮ್ಮ ಮಗಳು ಬುದ್ಧಂ ಸರಣಂ ಹೇಳಲು ಶುರು ಮಾಡಿ ಎರಡನೇ ಸಾಲಿಗೇ ನಕ್ಕುಬಿಟ್ಟಿದ್ದಳು. ಮುಂದಿನ ಮಳೆಗಾಲದ ಜ್ವರದಲ್ಲಿ ಅವಳು ಹೋದಳು. ಅವಳ ಫೋಟೊಗಳು ನನ್ನ ಫೋನಿನಲ್ಲಿವೆ. ದನಿ ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ. ಪ್ರತಿ ಮದುವೆಯ ಡಿಸ್ಕು ಕೊಟ್ಟ ಮೇಲೆ ಮುಂದಿನ ಮದುವೆಗೆಂದು ಕ್ಯಾಮೆರಾದ ಕಾರ್ಡು ಅಳಿಸುವುದು ನಿಮ್ಮ ಕಸುಬಿನ ರೂಢಿ. ಅದನ್ನೂ ಹಾಗೆಯೇ ಅಳಿಸಿದಿರಿ. ಅದಕ್ಕಾಗಿ ನಾನು ಆಗಲೇ ಜಗಳವಾಡಿ ಮುಗಿಸಿದ್ದೇನೆ.

ಮಂಡ್ಯದ ಅಂಗಡಿಯ ಪುನೀತ್ ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದು, ಮೊದಲು ನಕ್ಕ. “ಅಕ್ಕಾ, ಇದು ಡಿವಿಡಿ ಅಲ್ಲ ಕಣಕ್ಕ, ಬ್ಲೂ-ರೇ. ನಿಮ್ಮವ್ವನ ಮನೇಲಿರೋ ಪ್ಲೇಯರು ತಿಪ್ಪರಲಾಗ ಹಾಕಿದ್ರೂ ಇದನ್ನ ಓದಲ್ಲ” ಎಂದ. ನೋಡಲು ಎರಡೂ ಒಂದೇ ತಟ್ಟೆ. ಡಿವಿಡಿಯನ್ನು ಓದುವುದು ಕೆಂಪು ಬೆಳಕು. ಬ್ಲೂ-ರೇಯಲ್ಲಿ ಬರಹ ಇನ್ನೂ ಸಣ್ಣದು, ಚಿತ್ರ ಅಷ್ಟು ನಿಚ್ಚಳವಾಗಿರುವುದು ಅದರಿಂದಲೇ. ಅದನ್ನು ಓದಲು ನೀಲಿಯ ಕಡೆಗಿನ ಸಪೂರ ಬೆಳಕೇ ಬೇಕು. ನಮ್ಮ ಮಗಳು ನಿಚ್ಚಳವಾಗಿ ಕಾಣಲಿ ಎಂದು ಒಳ್ಳೆಯದನ್ನೇ ಕೊಟ್ಟಿರಿ. ಅದಕ್ಕೆ ಬೇರೆ ಪ್ಲೇಯರು ಬೇಕೆಂದು ಮಾತ್ರ ಹೇಳಲಿಲ್ಲ.

ಆಮೇಲೆ ಪುನೀತ್ ನಗಲಿಲ್ಲ. “ಇದನ್ನ ಯಾರಕ್ಕ ಹಿಂಗೆ ಉಜ್ಜಿದ್ದು?” ಎಂದು ಕೇಳಿದ.

ಉಜ್ಜಿದ್ದು ಅವ್ವ. ಅವಳ ಹಳೆಯ ಡಿಸ್ಕುಗಳೆಲ್ಲ ಈಗ ಭತ್ತದ ಗದ್ದೆಯಲ್ಲಿ ಹಕ್ಕಿ ಬೆದರಿಸಲು ದಾರಕ್ಕೆ ತೂಗುತ್ತಿವೆ. ಇದೊಂದನ್ನು ಟಿವಿಯ ಪಕ್ಕ, ಬುದ್ಧನ ಪಟದ ಕೆಳಗೆ ಇಟ್ಟುಕೊಂಡಿದ್ದಳು. ಹಾಕಿದಾಗಲೆಲ್ಲ ಪ್ಲೇಯರು ಡಿಸ್ಕೇ ಇಲ್ಲ ಎನ್ನುತ್ತಿತ್ತು. ಕೊನೆಗೆ ನಿಮಗೇ ಫೋನು ಮಾಡಿದಳಂತೆ. ಇದನ್ನು ಅವಳು ನನಗೆ ಹೇಳಿದ್ದು ಹೋದ ವಾರ. “ಅಳಿಯಂದ್ರೇ ಏಳಿದ್ರು ಕಣವ್ವ, ಕೊಳೆ ಕುಂತದೆ, ಒರ್ಸಿ ಆಕಿ ಅಂತ. ಒರ್ಸಿದ್ರೆ ಬರ್ನಿಲ್ಲ. ಉಣಿಸೇಹಣ್ಣು, ಇಟ್ಗೆ ಪುಡಿ ಆಕಿ ತಿಕ್ದೆ. ಕನ್ನಡಿ ಆದಂಗಾಯ್ತು. ಆದ್ರೂ ಮೊಗ ಬರ್ನಿಲ್ಲ.”

ಹಿತ್ತಾಳೆ ಚೊಂಬನ್ನು ಬೆಳಗುವ ಹಾಗೆ ಬೆಳಗಿದ್ದಾಳೆ. ಒಂದು ಸಲವಲ್ಲ. ಪಕ್ಕದ ಮನೆಯ ಮಂಚಮ್ಮ ಇಣುಕಿ, “ಏನಮ್ಮಿ ಪಟ್ಟಲಮ್ಮ, ಅದ್ರಲ್ಲೇನು ಉಣ್ಣಕ್ಕಿಕ್ಕೀಯಾ?” ಎಂದು ಆಡಿಕೊಂಡಳಂತೆ. “ನನ್ ಮೊಮ್ಮಗ್ಳು ಅವ್ಳೆ ಅದ್ರೊಳ್ಗೆ, ಓಗಮ್ಮಿ” ಎಂದಳಂತೆ ಅವ್ವ.

ಡಿವಿಡಿಯಾಗಿದ್ದರೆ ಪಾಲಿಷ್ ಮಾಡಿ ಉಳಿಸಬಹುದಿತ್ತಂತೆ, ಅದರಲ್ಲಿ ಬರಹ ತಟ್ಟೆಯ ಒಳಗಡೆ, ನಡುದಪ್ಪದಲ್ಲಿ ಇರುತ್ತದೆ. ಬ್ಲೂ-ರೇಯಲ್ಲಿ ಬರಹ ಮೇಲ್ಮೈಗೆ ಅಂಟಿದಂತೆ, ತೆಳುಪದರದ ಕೆಳಗೇ ಇದೆ. ಆ ಪದರ ಬಟ್ಟೆಗೆ ಜಗ್ಗುವುದಿಲ್ಲವಂತೆ. ಇಟ್ಟಿಗೆ ಪುಡಿಗೆ ಜಗ್ಗಿದೆ.

ಡಿಸ್ಕನ್ನು ಸರಿಮಾಡಿಸಿ ತರುತ್ತೇನೆಂದು ಅವ್ವನ ಕೈಯಿಂದ ಇಸಿದುಕೊಂಡು ಬಂದಿದ್ದೆ. ಬೆಳಿಗ್ಗೆ ಫೋನು ಮಾಡಿ, “ಸರಿ ಓಯ್ತೇನವ್ವ? ನಾಳಿಕ್ ತತ್ತೀಯಾ?” ಎಂದು ಕೇಳಿದಳು. ಬರುತ್ತೇನೆ ಎಂದಷ್ಟೇ ಹೇಳಿ ಇಟ್ಟೆ. ಮೊಮ್ಮಗಳ ದನಿಯನ್ನು ತನ್ನ ಕೈಯಾರೆ ತಿಕ್ಕಿ ಅಳಿಸಿದೆ ಎಂದು ತಿಳಿದ ಮೇಲೆ ಅವಳು ಉಣ್ಣುವುದಿಲ್ಲ. ನನಗೆ ಅವಳು ಗೊತ್ತು.

ಆದ್ದರಿಂದ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ನೀವು ಕೊಟ್ಟದ್ದು ಖಾಲಿ ಡಿಸ್ಕು, ಕೈತಪ್ಪಿ ಬೇರೆಯದನ್ನು ಕೊಟ್ಟಿದ್ದಿರಿ, ಅದರಲ್ಲಿ ಮೈತ್ರಿ ಯಾವತ್ತೂ ಇರಲಿಲ್ಲ ಎಂದು ನಾಳೆ ಕೊಪ್ಪಕ್ಕೆ ಹೋಗಿ ಹೇಳುತ್ತೇನೆ. ಅವ್ವ ನಿಮ್ಮನ್ನು ಬಯ್ಯುತ್ತಾಳೆ, ಕೇರಿಗೆಲ್ಲ ಕೇಳುವಂತೆ ಬಯ್ಯುತ್ತಾಳೆ. ಫೋನು ಮಾಡಿಯೂ ಬಯ್ಯಬಹುದು. ಬಯ್ಯಿಸಿಕೊಳ್ಳಿ. “ಅಲ್ಲ, ನಾನು ಕೊಟ್ಟದ್ದು ಸರಿಯಾದದ್ದೇ” ಎಂದು ಮಾತ್ರ ಅನ್ನಬೇಡಿ. ಒರೆಸಿ ಹಾಕಿ ಎಂದವರನ್ನು ಇಷ್ಟು ಕೇಳಿಕೊಳ್ಳುವುದು ಹೆಚ್ಚಲ್ಲ ಎಂದುಕೊಂಡಿದ್ದೇನೆ.

ಶೋಭಿತಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಡಿಸ್ಕು ಪೂರ್ತಿ ಹಾಳಾಗಿಲ್ಲ. ತಿಕ್ಕುವಾಗ ಅವ್ವ ನಡುವಿನ ತೂತಿಗೆ ಬೆರಳು ತೂರಿಸಿ ಹಿಡಿದುಕೊಳ್ಳುತ್ತಿದ್ದಳು, ಅವಳ ಹಿಡಿಯಡಿಗೆ ಸಿಕ್ಕ ಜಾಗ ಉಳಿದಿದೆ. ಬರಹ ಶುರುವಾಗುವುದು ಅಲ್ಲಿಂದಲೇ ಅಂತೆ. ಜಗುಲಿಯ ಮೇಲೆ ಖಾಲಿ ಚಾಪೆ ಕಾಣುತ್ತದೆ. ನೀವು “ಮೈತ್ರೀ, ಬಾರವ್ವ” ಎಂದು ಕರೆಯುತ್ತೀರಿ. ಒಳಗಿನಿಂದ ಅವಳು “ತಡಿಯಪ್ಪಾ, ಬತ್ತೀನಿ” ಎನ್ನುತ್ತಾಳೆ. ಚಿತ್ರ ಅಲ್ಲಿಗೆ ನಿಲ್ಲುತ್ತದೆ. ಇಷ್ಟನ್ನು ಕೇಳಿಸಿದರೆ ಅವ್ವ ಉಳಿದದ್ದೆಲ್ಲಿ ಎಂದು ಕೇಳುತ್ತಾಳೆ. ಆ ಒಂದು ತುಣುಕನ್ನು ಪುನೀತ್ ಪೆನ್‌ಡ್ರೈವಿಗೆ ಹಾಕಿಕೊಟ್ಟ, ಅದು ಈ ಲಕೋಟೆಯಲ್ಲಿದೆ. ಡಿಸ್ಕನ್ನೂ ಜೊತೆಗೇ ಇಟ್ಟಿದ್ದೇನೆ, ನಾನು ಪ್ರತಿ ಇಟ್ಟುಕೊಂಡಿಲ್ಲ. ಅದು ನನ್ನ ಹತ್ತಿರವಿದ್ದರೆ ನಾಳೆ ಅವ್ವನ ಮುಖ ನೋಡಿಕೊಂಡು ಖಾಲಿ ಎನ್ನಲು ನನ್ನಿಂದ ಆಗುವುದಿಲ್ಲ.