ಕುರ್ಚಿ ಬಿಟ್ಟು ಏಳದವನು

ರಾಣೇಬೆನ್ನೂರು
ಫೆಬ್ರುವರಿ ೧೭

ಮುದ್ದಿನ ಮಗ ವಿಜಯಮಹಾಂತೇಶನಿಗೆ ಅವ್ವನ ಆಶೀರ್ವಾದ.

ಗಡಿಯ ಚಳಿಗೆ ಕೆಮ್ಮು ಹೆಚ್ಚಾಗಿಲ್ಲವಷ್ಟೇ? ರೊಟ್ಟಿಗೆ ಹಚ್ಚಿಕೊಳ್ಳಲೆಂದು ಕಳಿಸಿದ ಶೇಂಗಾ ಹಿಂಡಿ ಮುಟ್ಟಿತೇ? ನಿನಗೆ ಫೋನು ಹತ್ತುವುದಿಲ್ಲ, ಅದಕ್ಕೇ ಈ ಕಾಗದ. ನಾವು ಆರಾಮ. ನಿಮ್ಮಪ್ಪನ ಮೊಣಕಾಲು ಮಾತ್ರ ಅವರ ಮಾತು ಕೇಳುವುದಿಲ್ಲ, ಅವರು ನನ್ನ ಮಾತು ಕೇಳುವುದಿಲ್ಲ.

ತಹಸೀಲ್ದಾರ್ ಕಚೇರಿ ಮುಂದೆ ನಿಮ್ಮಪ್ಪ ಮತ್ತು ಅವರ ಜೊತೆಯ ಮಾಜಿ ಸೈನಿಕರ ಧರಣಿ ಇನ್ನೂ ನಡೆದಿದೆ; ನಾನೂ ಹೋಗಿ ಕೂಡುತ್ತೇನೆ. ಬಾಕಿ ಪಿಂಚಣಿ ಬಂದಿಲ್ಲ. ಹಲಗೇರಿಯ ಸೋಮವ್ವನಿಗಂತೂ ಸೈನಿಕ ಗಂಡ ತೀರಿದ ಮೇಲೆ ಏನೂ ಸಿಕ್ಕಿಲ್ಲ; ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಹೊಟ್ಟೆ ಹೊರೆಯುತ್ತಾಳೆ. ಕಳೆದ ಚುನಾವಣೆಯಲ್ಲಿ "ನಾ ಕೊಡಸ್ತೇನಿ, ಯವ್ವಾ" ಎಂದು ಅವಳ ಕೈ ಹಿಡಿದು ವೋಟು ಕೇಳಿದ್ದ ಮುಖಂಡ, ಮೊನ್ನೆ ಧರಣಿಯ ಎದುರಿಗೇ ಪೆಂಡಾಲು ಹಾಕಿಸಿ ನಗರಸಭೆ ಚುನಾವಣೆಯ ಸಭೆ ಮಾಡಿದ.

ನಮ್ಮವರು ಘೋಷಣೆ ಕೂಗಿದರು. ಅವನ ಕಡೆಯವರು ಎಂಥ ಖೋಡಿಗಳು ನೋಡು, ಮೈಕಿನಲ್ಲಿ ರಾಷ್ಟ್ರಗೀತೆ ಹಚ್ಚಿಬಿಟ್ಟರು. ಮುಗಿಯಿತಲ್ಲ! ನಿಮ್ಮಪ್ಪ, ಒಂದು ಕಾಲಿಲ್ಲದ ಮೈಲಾರೆಪ್ಪ ಕಾಕಾ, ಎಲ್ಲರೂ ಬಾಯಿ ಮುಚ್ಚಿ ಕಂಬದಂತೆ ನಿಂತರು. ಮತ್ತೆ ಕೂಗಿದರೆ ಮತ್ತೆ ಅದೇ ಗೀತೆ. "ಅವ್ರು ಬೇಕಂತ್ಲೇ ಹಚ್ಚಾಕತ್ತಾರ್ರಿ" ಎಂದು ನಾನು ಹಲ್ಲು ಕಡಿದರೆ, ನಿಮ್ಮಪ್ಪ "ಯಾರ ಹಚ್ಚಿದ್ರೂ ಅದು ರಾಷ್ಟ್ರಗೀತೀನ ಅಲ್ಲೇನ?" ಎಂದರು. ಬಿಸಿಲಲ್ಲಿ ಆ ಮೊಣಕಾಲು ನಡುಗುವುದನ್ನು ಕಂಡು ನನಗೆ ಅಳು ಬಂತು. ಮತ್ತೊಮ್ಮೆ ಗೀತೆ ಶುರುವಾದಾಗ ನಿಂತಲ್ಲಿಂದಲೇ ವೇದಿಕೆಯತ್ತ ನೋಡಿದೆ. ಹಚ್ಚಿಸಿದವನೇ ಕುರ್ಚಿಯಲ್ಲಿ ಕುಳಿತು, ಗೋಡಂಬಿ ಮೆಲ್ಲುತ್ತ, ಫೋನಿನಲ್ಲಿ ನಗುತ್ತಿದ್ದ! ಗೀತೆ ಮುಗಿದದ್ದೇ ತಡ, ಹೋಗಿ ಮೈಕು ಕಿತ್ತುಕೊಂಡೆ: "ಸಾಹೇಬ್ರ, ಕಾಲಿಲ್ದ ಮುದುಕ್ರು ಎದ್ದು ನಿಂತಾರ. ನಿಮಗ ಏಳಾಕ ಏನು ಧಾಡಿ?"

ಪಕ್ಕದ ಮನೆಯ ಶಬನಮ್ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದಳು. ಸಂಜೆಯೊಳಗೆ ಹಾವೇರಿ, ಬ್ಯಾಡಗಿ ಎಲ್ಲ ನೋಡಿತು. ಪಕ್ಷದವರೇ ಅವನನ್ನು ಪ್ರಚಾರದಿಂದ ದೂರ ಇಟ್ಟಿದ್ದಾರೆ. ನಮ್ಮ ವಾರ್ಡಿನಲ್ಲಿ ನಿಲ್ಲಬೇಕಿದ್ದ ಅವನ ಹೆಂಡತಿ ಹಿಂದೆ ಸರಿದಳು. ನಾನು ಹಿಗ್ಗಿದ್ದೆ. ಆದರೆ ಸೋಮವ್ವ ಬಂದು, "ಮಂದಿ ಅವಗ ನಕ್ರ ನನ್ನ ಒಲಿ ಹತ್ತತೈತೇನ, ಯಕ್ಕಾ?" ಎಂದಳು. ಅವಳ ಪಿಂಚಣಿ ಕಾಗದಗಳನ್ನೆಲ್ಲ ನಾನೇ ಇಸಿದುಕೊಂಡೆ.

ನೀನು ಸೇವೆಯಲ್ಲಿರುವವನು, ಆ ವಿಡಿಯೋ ನಿನ್ನ ಕೈಗೆ ಬಂದರೂ ಯಾರಿಗೂ ಕಳಿಸಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯ ಹುಡುಗರಿಗೂ ನನ್ನ ಹರಕೆ ಮುಟ್ಟಿಸು.

ನಿನ್ನ ಅವ್ವ,
ನಿರ್ಮಲಾ

ತಾ.ಕ.: ಟಪಾಲಿಗೆ ಹೊತ್ತಾಯಿತು, ಲಗೂ ಬರೆಯುತ್ತೇನೆ. ನಮ್ಮ ವಾರ್ಡು ಹೆಂಗಸರಿಗೆ ಮೀಸಲು. ನಾಳೆ ನಾನೇ ನಾಮಪತ್ರ ಹಾಕುತ್ತೇನೆ. ಸೂಚಕರಾಗಿ ಸಹಿ ಮಾಡಿದ ನಿಮ್ಮಪ್ಪ, ಆ ಮೊಣಕಾಲಿನಲ್ಲೇ ಎದ್ದು ನಿಂತು ನನಗೆ ಸೆಲ್ಯೂಟ್ ಹೊಡೆದರು. "ಚೇಷ್ಟಿ ಸಾಕ್ರಿ, ಕುಂದ್ರಿ" ಎಂದೆ. ಅವರು ಕೈ ಇಳಿಸಲಿಲ್ಲ.