ಎರಡನೆಯ ಬ್ರೇಕು

ಭಾನುವಾರ, ಹನ್ನೆರಡನೆಯ ತಾರೀಖು
ಮಧ್ಯಾಹ್ನ, ಡ್ರೈವಿಂಗ್ ಸ್ಕೂಲಿನ ಮೇಜಿನಿಂದ

ಮೊಂಡು ಗುಬ್ಬಿಗೆ ಅಕ್ಕನ ಪ್ರೀತಿ, ಅದಕ್ಕಿಂತ ಒಂದು ಹಿಡಿ ಹೆಚ್ಚು ಸಿಟ್ಟು.

ಪತ್ರದ ಜೊತೆಗಿರುವ ಪೊಟ್ಟಣವನ್ನು ಈಗಲೇ ಬಿಚ್ಚಬೇಡ. ಪೂರ್ತಿ ಓದಿದ ಮೇಲೆ ಬಿಚ್ಚು. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ, ಇಷ್ಟು ಹೊತ್ತಿಗೆ ಒಂದು ಮೂಲೆ ಹರಿದಿರುತ್ತೀಯ. ಅಲ್ಲಿಗೇ ನಿಲ್ಲಿಸು.

ಬಸ್ಸಿನಲ್ಲಿ ಎರಡು ಗಂಟೆ ದೂರದಲ್ಲಿರುವ ತಂಗಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ನಿನ್ನ ಭಾವ ನಗುತ್ತಿದ್ದಾರೆ. ಏನು ಮಾಡಲಿ? ಫೋನಿನಲ್ಲಿ ನಾನು ಸಮುದ್ರ ಎಂದ ಕೂಡಲೇ ನಿನ್ನ ಮನೆಯ ಕುಕ್ಕರ್ ಕೂಗುತ್ತದೆ. ಬೆಳಿಗ್ಗೆ ಹತ್ತೂವರೆಗೂ ಕೂಗುತ್ತದೆ, ಮಧ್ಯಾಹ್ನ ಮೂರಕ್ಕೂ ಕೂಗುತ್ತದೆ. ನಿನ್ನ ಯಜಮಾನರು ಕೆಲಸದ ಮೇಲೆ ಪರವೂರಿನಲ್ಲಿದ್ದಾರೆ, ಮನೆಯಲ್ಲಿರುವುದು ನೀನು ಮತ್ತು ಮಗಳು. ಇಬ್ಬರಿಗೆ ಅಷ್ಟೊಂದು ಏನು ಬೇಯಿಸುತ್ತೀಯೋ ದೇವರೇ ಬಲ್ಲ.

ಎರಡೇ ದಿನದ ಪ್ರವಾಸ. ಶನಿವಾರ ಬೆಳಿಗ್ಗೆ ಹೊರಟು, ಸಮುದ್ರದಂಚಿನ ರಸ್ತೆ ಹಿಡಿದು, ದೀಪಸ್ತಂಭದ ಊರಿನಲ್ಲಿ ಉಳಿದುಕೊಂಡು, ಭಾನುವಾರ ಸಂಜೆಗೆ ವಾಪಸ್ಸು. ಇಷ್ಟಕ್ಕೆ ಮೂರು ತಿಂಗಳಿಂದ ನನ್ನ ತಲೆ ಚಿಟ್ಟು ಹಿಡಿದುಹೋಗಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ನಮ್ಮ ಮನೆಯಲ್ಲಿ ಎತ್ತು ಯಾರು, ಕೋಣ ಯಾರು ಎಂದು ನಾನು ಬಾಯಿ ಬಿಟ್ಟು ಹೇಳುವುದಿಲ್ಲ. ಒಬ್ಬರು ನಿನ್ನ ಭಾವ.

ಗಡಿಯಾರ ರಿಪೇರಿ ಮಾಡುವವರನ್ನು ಕಟ್ಟಿಕೊಂಡಿದ್ದಕ್ಕೆ ನಾನೇ ಅನುಭವಿಸಬೇಕು. ಅಂಗಡಿಯ ಮೇಜಿನ ಮೇಲೆ, ಬಿಚ್ಚಿಟ್ಟ ಸ್ಪ್ರಿಂಗುಗಳ ನಡುವೆ ಹಾಳೆ ಹರಡಿಕೊಂಡು ಇಡೀ ಪ್ರವಾಸಕ್ಕೆ ವೇಳಾಪಟ್ಟಿ ಬರೆದಿದ್ದಾರೆ. ಅದರಲ್ಲಿ 'ಒಂಬತ್ತು ನಲವತ್ತರಿಂದ ಒಂಬತ್ತು ಐವತ್ತೈದು: ಸಮುದ್ರ ನೋಡುವುದು' ಎಂದು ಒಂದು ಸಾಲಿದೆ. ಇನ್ನೂ ಒಂದು ನಿಮಿಷ ನೋಡಬೇಕೆನಿಸಿದರೆ ಏನು ಮಾಡುವುದು ಎಂದು ಕೇಳಿದೆ. "ಊಟದಲ್ಲಿ ಒಂದು ನಿಮಿಷ ಕಡಿಮೆ ಮಾಡ್ಕೊಂಡ್ರಾಯ್ತು" ಎಂದರು. ಮುಖದಲ್ಲಿ ನಗುವಿರಲಿಲ್ಲ.

ಅಮ್ಮನದು ಇನ್ನೊಂದು. ಅವಳಿಗೆ ಸಮುದ್ರ ಬೇಕು, ಸಮುದ್ರದ ಗಾಳಿ ಬೇಡ. ಎರಡು ದಿನವೂ ಕಾರಿನ ಗಾಜು ಏರಿಸಿಯೇ ಇರಬೇಕಂತೆ. ತನ್ನ ದಿಂಬು, ತನ್ನ ನೀರು, ಜೊತೆಗೆ ಆ ಮಡಚುವ ಸ್ಟೂಲು. ಅದರ ಮೇಲೆ ಕೂತವರು ಯಾರೂ ನೆಟ್ಟಗೆ ಎದ್ದಿಲ್ಲ. ಮೊದಲ ಸಲ ದಿನ ಗೊತ್ತುಮಾಡಿದಾಗಲೇ ಅವಳ ಚೀಲ ತಯಾರಾಗಿತ್ತು. ನೀನು ದಿನ ಮುಂದೂಡಿದಾಗಲೆಲ್ಲ ಒಳಗಿನ ಸ್ವೆಟರನ್ನು ತೆಗೆದು, ಬಿಸಿಲಿಗೆ ಹಾಕಿ, ಮತ್ತೆ ಮಡಚಿಡುತ್ತಾಳೆ. ಇದು ನಾಲ್ಕನೆಯ ಸಲ.

ಈಗ ನಿನ್ನ ಸರದಿ. ಮೊದಲು ಮಗಳ ಪರೀಕ್ಷೆ ಎಂದೆ. ಆ ದಿನ ಪರೀಕ್ಷೆಯಲ್ಲ, ರಜೆ ಎಂದು ಅವಳೇ ನನ್ನ ಕಿವಿಯಲ್ಲಿ ಹೇಳಿದಳು. ಹನ್ನೊಂದು ವರ್ಷದ ಕೂಸು, ದೊಡ್ಡಮ್ಮನ ಹತ್ತಿರ ಸುಳ್ಳು ಹೇಳುವುದನ್ನು ಇನ್ನೂ ಕಲಿತಿಲ್ಲ, ಅವಳನ್ನು ಬೈಯಬೇಡ. ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ ಎಂದೆ. ಆಮೇಲೆ ಕರಾವಳಿಯಲ್ಲಿ ಗಾಳಿ ಜೋರು ಎಂದೆ. ಗಾಳಿಯಿಲ್ಲದ ಸಮುದ್ರ ಬೇಕಾದರೆ ಬಕೆಟ್ಟಿನಲ್ಲಿ ನೀರು ತುಂಬಿಸಿ ನೋಡುತ್ತಾ ಕೂರಬೇಕು. ಈಗ ಸೊಂಟ ನೋವಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂದು ಅಮ್ಮನ ಮುಂದೆ ನಿನ್ನನ್ನು ಆಡಿಕೊಂಡೆ. ಅಮ್ಮ ನಗಲಿಲ್ಲ.

ನಿನ್ನ ಈ ಕುಂಟು ನೆಪಗಳೆಲ್ಲ ಶುರುವಾದದ್ದು ಯಾವಾಗಿನಿಂದ ಎಂದು ನನಗೆ ಗೊತ್ತು. ದೀಪಸ್ತಂಭ ದಾಟಿದ ಮೇಲೆ, ಸಮುದ್ರದ ಪಕ್ಕದಲ್ಲೇ ಇಳಿಯುವ ಆ ಏಳು ತಿರುವಿನ ರಸ್ತೆಯನ್ನು ಗುಬ್ಬಿಯೇ ಓಡಿಸಬೇಕು, ತಾನೇ ಅವಳ ಪಕ್ಕ ಕೂರಬೇಕು ಎಂದು ಅಮ್ಮ ಹಠ ಹಿಡಿದಳಲ್ಲ, ಅಂದಿನಿಂದ. ಯಾಕಮ್ಮ ಅವಳನ್ನು ಹೀಗೆ ಗೋಳು ಹೊಯ್ದುಕೊಳ್ಳುತ್ತೀಯ ಎಂದು ಕೇಳಿದೆ. ಅಮ್ಮ ತನ್ನ ಸೊಟ್ಟ ಮಣಿಕಟ್ಟನ್ನು ತಿರುಗಿಸಿ ನೋಡಿಕೊಂಡು, "ಮೂಳೆ ಮುರಿದಿದ್ದು ನಂದು. ಕೂಡ್ಕೊಳ್ದೇ ಇರೋದು ಅವಳ್ದು" ಎಂದಳು.

ಮೂರು ವರ್ಷದಿಂದ ನಾವಿಬ್ಬರೂ ಎತ್ತದ ಮಾತನ್ನು ಈಗ ಎತ್ತುತ್ತೇನೆ. ಕುಕ್ಕರ್ ಕೂಗಿದರೆ ಕೂಗಲಿ.

ನಿನಗೆ ಲೈಸೆನ್ಸ್ ಬಂದು ಹತ್ತು ದಿನ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಬರುತ್ತಿದ್ದೆ. ತಿರುವಿನಲ್ಲಿ ಹಾಲಿನ ವ್ಯಾನು ನಿಂತಿತ್ತು. ನಿನ್ನ ಕಾರು ಹೋಗಿ ಅದಕ್ಕೆ ಗುದ್ದಿತು, ಅಮ್ಮನ ಕೈ ಮುರಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ನೀನು ಹೇಳಿದ್ದು ಒಂದೇ ಮಾತು: "ನಾನು ಬ್ರೇಕ್ ಒತ್ತಿದ್ದೆ ಅಕ್ಕ, ನಿಲ್ಲಲಿಲ್ಲ." ಮೆಕ್ಯಾನಿಕ್ ನೋಡಿ ಬ್ರೇಕು ಸರಿಯಾಗಿಯೇ ಇದೆ ಎಂದ. ಅಲ್ಲಿಗೆ ನೀನು ಹೆದರಿ ಸುಳ್ಳು ಹೇಳುತ್ತಿದ್ದೀಯ ಎಂದು ಎಲ್ಲರೂ ತೀರ್ಮಾನಿಸಿದರು. ನಾನಂತೂ ನರ್ಸುಗಳ ಎದುರಿಗೇ, ಇಳಿಜಾರಿನಲ್ಲಿ ಮೊದಲೇ ಬ್ರೇಕ್ ಒತ್ತು ಎಂದು ಕಲಿಸುವಾಗ ಎಷ್ಟು ಸಲ ಬಡಿದುಕೊಂಡಿದ್ದೆ ಎಂದು ರೇಗಿದೆ. ಅವರೆಲ್ಲ ನಿನ್ನ ಜೊತೆ ಕೆಲಸ ಮಾಡುವವರು. ನೀನು ಕಾರಿನ ಕೀಲಿಯನ್ನು ಬೆಂಚಿನ ಮೇಲಿಟ್ಟು ಎದ್ದೆ. ಮನೆಮನೆಗೆ ಹೋಗಿ ಎದ್ದು ಓಡಾಡಲಾಗದವರಿಗೆ ಔಷಧಿ ಕೊಟ್ಟು, ಗಾಯ ಕಟ್ಟಿ ಬರುವ ಕೆಲಸಕ್ಕೆಂದೇ ನೀನು ಕಾರು ಕಲಿತವಳು. ಆ ಕೆಲಸ ಬಿಟ್ಟು, ಅದೇ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಫೈಲಿನ ಧೂಳು ಹೊಡೆಯುತ್ತಾ ಕೂತಿದ್ದೀಯ. ನೋಡಿದಾಗಲೆಲ್ಲ ನಿನ್ನ ಮೇಲೆಯೇ ರೇಗುತ್ತೇನೆ.

ಹೋದ ತಿಂಗಳು ಒಬ್ಬ ದರ್ಜಿ ನನ್ನ ಹತ್ತಿರ ಕಾರಿನ ಪಾಠಕ್ಕೆ ಸೇರಿದರು. ಅರವತ್ತು ದಾಟಿದ, ಹೆಚ್ಚು ಮಾತಾಡದ ಮನುಷ್ಯ. ಐದನೆಯ ದಿನ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ತಮ್ಮ ಪಾದವನ್ನೇ ನೋಡುತ್ತಾ, "ಮೇಡಂ, ನಾನು ತುಳಿಯೋಕೆ ಮುಂಚೆನೇ ಪೆಡಲ್ಲು ತಾನಾಗೇ ಕೆಳಗೆ ಹೋಗುತ್ತೆ. ನಲವತ್ತು ವರ್ಷ ಮಷೀನು ತುಳಿದ ಕಾಲು ಇದು, ಇದಕ್ಕೆ ಗೊತ್ತಾಗುತ್ತೆ. ಕಾರು ನಿಲ್ಲಿಸ್ತಿರೋದು ನಾನಾ, ನೀವಾ?" ಎಂದು ಕೇಳಿದರು. ನಾನು ಕಾಲು ಎತ್ತೇ ಇಲ್ಲ ಎಂದು ಜೋರು ಮಾಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ನಮ್ಮ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಪಾದದ ಹತ್ತಿರವೂ ಒಂದು ಬ್ರೇಕಿದೆಯಲ್ಲ, ಅದನ್ನು ಒತ್ತಿದರೆ ಕಲಿಯುವವರ ಪೆಡಲೂ ಇಳಿಯುತ್ತದೆ. ನೀನು ಇಲ್ಲಿ ಉಳಿದುಕೊಂಡು ಕಲಿತ ಇಪ್ಪತ್ತೆರಡು ದಿನವೂ ಇಳಿಜಾರು ಬಂದಾಗಲೆಲ್ಲ ನಾನು ಅದನ್ನು ಒತ್ತುತ್ತಿದ್ದೆ. ಬೇರೆ ಶಿಷ್ಯರಿಗೆ ಅಷ್ಟು ಒತ್ತುವುದಿಲ್ಲ. ನೀನು ನನ್ನ ತಂಗಿ, ನಿನಗೆ ಏನಾದರೂ ಆದರೆ ಎಂಬ ಭಯ. ನೀನು ಮೆಲ್ಲಗೆ ಕಾಲಿಟ್ಟೆ, ಕಾರು ನಿಂತಿತು. ಅಷ್ಟು ಒತ್ತಿದರೆ ಸಾಕು ಎಂದು ನಿನ್ನ ಕಾಲು ಕಲಿತುಕೊಂಡಿತು. ಲೈಸೆನ್ಸಿನ ಪರೀಕ್ಷೆ ನಡೆದ ಮೈದಾನವೋ ಊಟದ ಮೇಜಿನಂತೆ ಸಪಾಟು, ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆ ಬೆಳಿಗ್ಗೆ ನಿನ್ನ ಸ್ವಂತ ಕಾರಿನಲ್ಲಿಯೂ ನೀನು ಬ್ರೇಕ್ ಒತ್ತಿದ್ದೆ, ಕಲಿತಷ್ಟೇ ಒತ್ತಿದ್ದೆ.

ನೀನು ಹೇಳಿದ್ದು ನಿಜ ಗುಬ್ಬಿ. ತಪ್ಪು ನನ್ನದು. ಇದನ್ನು ಮೊನ್ನೆ ಅಮ್ಮನಿಗೂ ಹೇಳಿದೆ. ಅವಳು "ಇದನ್ನ ಅವಳಿಗೆ ಹೇಳು, ನಂಗಲ್ಲ" ಎಂದು ಎದ್ದು ಹೋದಳು.

ನನ್ನನ್ನು ಕ್ಷಮಿಸು ಎಂದು ಕೇಳುತ್ತೇನೆ. ಕ್ಷಮಿಸದಿದ್ದರೂ ಪ್ರವಾಸಕ್ಕೆ ಬಾ. ಇಪ್ಪತ್ತೈದು, ಶನಿವಾರ. ಗುರುವಾರವೇ ಬಂದುಬಿಡು. ಎರಡು ದಿನ ಖಾಲಿ ಗೋದಾಮಿನ ಹಿಂದಿನ ಇಳಿಜಾರಿನಲ್ಲಿ ನೀನು ಓಡಿಸು, ನಾನು ಕೈಕಟ್ಟಿ ಕೂರುತ್ತೇನೆ. ಆಮೇಲೂ ಆ ಏಳು ತಿರುವು ಬೇಡವೆನಿಸಿದರೆ ನಾನು ಓಡಿಸುತ್ತೇನೆ, ಅಮ್ಮನ ಬಾಯಿ ಮುಚ್ಚಿಸುವುದು ನನಗಿರಲಿ. ಐದನೆಯ ಸಲ ಮುಂದೂಡಬೇಡ, ಆ ಸ್ವೆಟರು ಬಿಸಿಲಿನಲ್ಲಿ ಬಣ್ಣಗೆಟ್ಟುಹೋಗಿದೆ.

ನಿನ್ನ ಮೇಲೆ ರೇಗಿ ರೇಗಿ ಸುಸ್ತಾದ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ದರ್ಜಿ ಹೇಳಿದ ಮೇಲೆ ಗೊತ್ತಾಯಿತು ಎನ್ನುವ ಹಾಗೆ ಬರೆದಿದ್ದೇನಲ್ಲ, ಅದು ಸುಳ್ಳು. ಆಸ್ಪತ್ರೆಯ ಬೆಂಚಿನ ಮೇಲೆ ನೀನು "ಒತ್ತಿದ್ದೆ ಅಕ್ಕ" ಎಂದಾಗಲೇ ಗೊತ್ತಾಗಿತ್ತು. ಅದಕ್ಕೇ ಅಷ್ಟು ಜೋರಾಗಿ ರೇಗಿದ್ದು. ಊರಿಗೆಲ್ಲ ಕಲಿಸುವವಳು ಸ್ವಂತ ತಂಗಿಗೆ ಸರಿಯಾಗಿ ಕಲಿಸಲಿಲ್ಲ ಎಂದು ಜನ ಆಡಿಕೊಳ್ಳುತ್ತಾರೆಂದು ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಪೊಟ್ಟಣ ಬಿಚ್ಚು. ನಾನು ಒತ್ತುತ್ತಿದ್ದ ಪೆಡಲ್ ಅದೇ, ನಿನ್ನೆ ಮೆಕ್ಯಾನಿಕ್ ಕೈಯಲ್ಲಿ ಕಳಚಿಸಿದೆ. ಅದನ್ನು ಮತ್ತೆ ಹಾಕಿಸುವವರೆಗೆ ಸ್ಕೂಲಿಗೆ ರಜೆ. ಯಾವಾಗ ವಾಪಸ್ಸು ಕೊಡುವುದು ಎಂದು ನೀನೇ ಹೇಳು. ಅದಿಲ್ಲದೆ ಕಲಿಯುವವರ ಪಕ್ಕದಲ್ಲಿ ನಾನು ಒಂದು ದಿನವೂ ಕೂತವಳಲ್ಲ, ನನಗೂ ಭಯವಾಗುತ್ತಿದೆ. ಗುರುವಾರ ಬರುವಾಗ ಆ ಕುಕ್ಕರ್ ಇಳಿಸಿ ಬಾ.