ಹತ್ತು ರೂಪಾಯಿ ನೋಟು ಸರಿಯುವಷ್ಟು ಸಂದು

ಫೆಬ್ರವರಿ 11, ಭಾನುವಾರ. ಬೆಳಿಗ್ಗೆ 8

ಮತ್ತೆ ಅದೇ. ಮೊದಲನೆಯ ಗುಂಡು ನಟ್ಟನಡುವೆ. ಎರಡನೆಯದು ಅದರ ಪಕ್ಕ. ಮೂರನೆಯದು ಎಡಕ್ಕೆ, ನಾಲ್ಕು ಬೆರಳು ಆಚೆ. ಅರವತ್ತು ಹೆಜ್ಜೆ ದೂರ, ರಟ್ಟಿನ ಮೇಲೆ ಇದ್ದಿಲಿನ ಸುತ್ತು, ಹಿಂದೆ ಮಣ್ಣಿನ ದಿಬ್ಬ. ಗಾಳಿ ಇರಲಿಲ್ಲ. ನೆಪ ಹೇಳಲು ಏನೂ ಇರಲಿಲ್ಲ.

ರೈಫಲ್ ಭಾಳ ಹಗುರ. ರೇಷನ್ ಅಂಗಡಿಯ ತಕ್ಕಡಿಯಲ್ಲಿ ತೂಗಿದ್ದೇನೆ — ಎರಡು ಕೆಜಿ ಏಳುನೂರು. ಎದೆ ಹೊಡೆದುಕೊಂಡರೂ ತುದಿ ಕುಣಿಯುತ್ತದೆ.

ಲೈಸೆನ್ಸ್ ದೊಡ್ಡಪ್ಪ ಅಯ್ಯಪ್ಪನ ಹೆಸರಿನಲ್ಲಿದೆ. ಬೆಳೆ ಕಾಯುವುದಕ್ಕೆ ಕೊಟ್ಟದ್ದು. ಅವನ ಬಲಗಣ್ಣಿಗೆ ಪೊರೆ ಬಂದಿದೆ. ಹಾಗಾಗಿ ಲೈಸೆನ್ಸ್ ಅವನದು, ಬೆರಳು ನನ್ನದು. ಇದು ತಪ್ಪು ಅಂತ ಇಬ್ಬರಿಗೂ ಗೊತ್ತು. ಬರೆದಿಟ್ಟಿದ್ದೇನೆ.

ಫೆಬ್ರವರಿ 14

ಗಂಗಾವತಿಗೆ ಹೋಗಿದ್ದೆವು. ದೊಡ್ಡಪ್ಪ ಲೈಸೆನ್ಸ್ ಪುಸ್ತಕ ಹಿಡಿದಿದ್ದ, ನಾನು ಗೋಣಿಚೀಲದಲ್ಲಿ ಸುತ್ತಿದ ರೈಫಲ್. ಮಕ್ಬುಲಸಾಬರು ಮೂವತ್ತು ವರ್ಷ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರು. ಈಗ ಕೀಲಿ, ಸ್ಟವ್ ರಿಪೇರಿ ಮಾಡುತ್ತಾರೆ.

"ಚಾಚಾ, ಇದು ಹಗುರ ಐತ್ರಿ. ಅದಕ್ಕ ಗುರಿ ನಿಲ್ಲವಲ್ದು."

"ಹಗುರಿದ್ದದ್ದು ಅದರ ತಪ್ಪಲ್ಲಪಾ. ಭಾರದ ಬಂದೂಕು ನಿನ್ನ ತಪ್ಪ ಮುಚ್ಚಿ ಹಾಕತೈತಿ. ಹಗುರಂದು ಚಾಡಿ ಹೇಳತೈತಿ, ಅಷ್ಟ. ಹತ್ತರ ನೋಟ ಕೊಡು."

"ಯಾಕ್ರಿ?"

"ಲಂಚ!"

ದೊಡ್ಡಪ್ಪ ನಕ್ಕ. ಚಾಚಾ ನೋಟನ್ನು ನಳಿಗೆಯ ಕೆಳಗೆ, ಮರಕ್ಕೂ ಕಬ್ಬಿಣಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆದರು. ಅರ್ಧಕ್ಕೆ ಸಿಕ್ಕಿಬಿತ್ತು.

"ಇಲ್ಲಿ ನೋಡು. ತೆಳ್ಳನ್ನ ನಳಿಗಿ, ಎರಡ ಗುಂಡಿಗೆ ಕಾಯ್ತೈತಿ. ಕಾದ ಕಬ್ಬಿಣ ಹಿಗ್ಗತೈತಿ. ಮರ ಅಡ್ಡ ನಿಂತ್ರ ಆ ಕಡಿ ಜರಗತೈತಿ. ಮೂರನೇದು ಎಡಕ್ಕ ಹೋಗೂದು ಅದಕ್ಕ. ನೋಟು ಸರಾಗ ಸರಿಯೋ ತನ ಮರ ತಿಕ್ಕು."

ನೀರಿನ ಪೈಪಿನ ತುಂಡಿಗೆ ಉಸುಕಿನ ಕಾಗದ ಸುತ್ತಿ ಕೊಟ್ಟರು. ಹೊರಡುವಾಗ ಇನ್ನೊಂದು ಮಾತು —

"ಪ್ರತಿ ಸಲ ಹೊಡಿಯೂ ಮುಂದ ನೋಟ ಹಾಕಿ ನೋಡು. ಮರ ಬಿಸಲಿಗೊಂದ ಥರಾ, ಥಂಡಿಗೊಂದ ಥರಾ. ಅದನ್ನ ನಂಬಬ್ಯಾಡ."

ಫೆಬ್ರವರಿ 25, ಭಾನುವಾರ

ಮೂರೂ ಒಂದೇ ಕಡೆ! ಟಿಫಿನ್ ಡಬ್ಬಿಯ ಮುಚ್ಚಳ ಮುಚ್ಚಿದರೆ ಮೂರೂ ತೂತು ಒಳಗೆ.

ಮರ ತಿಕ್ಕಿದ ಮೇಲೆ ಹತ್ತು ದಿನ ಬರೇ ಖಾಲಿ ರೈಫಲ್. ನಳಿಗೆಯ ತುದಿಗೆ ಒಂದು ರೂಪಾಯಿ ನಾಣ್ಯ ಇಟ್ಟು ಟ್ರಿಗರ್ ಒತ್ತುವುದು. ನಾಣ್ಯ ಬೀಳಬಾರದು. ಮೊದಲ ದಿನ ಪ್ರತಿ ಸಲ ಬಿತ್ತು. ಈಗ ಹತ್ತರಲ್ಲಿ ಒಂಬತ್ತು ಸಲ ನಿಲ್ಲುತ್ತದೆ. ಮುಂಗೈ ಕೆಳಗೆ ಜೋಳ ತುಂಬಿದ ಸಣ್ಣ ಚೀಲ. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ನಳಿಗೆ ಆರುವಷ್ಟು ಹೊತ್ತು. ಅರ್ಧ ಉಸಿರು ಬಿಟ್ಟು ತಡೆಯಬೇಕು, ಎಂಟು ಎಣಿಸುವುದರೊಳಗೆ ಹೊಡೆಯಬೇಕು. ಎಂಟು ದಾಟಿದರೆ ಕೈ ನಡುಗುತ್ತದೆ — ಆಗ ಇಳಿಸಿಬಿಡಬೇಕು.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಪುಸ್ತಕದ ಮುಂದ ಹಿಂಗ ಕುಂತಿದ್ರ ಇಷ್ಟೊತ್ತಿಗೆ ಮಾಸ್ತರ ಆಗಿರ್ತಿದ್ದಿ."

ಆಗುತ್ತಿರಲಿಲ್ಲ. ಹತ್ತನೇ ಕ್ಲಾಸಿನ ಗಣಿತ ಪರೀಕ್ಷೆಯಲ್ಲಿ ಮಾಸ್ತರರೇ ಉತ್ತರಗಳನ್ನು ಬೋರ್ಡ್ ಮೇಲೆ ಬರೆದುಕೊಟ್ಟಿದ್ದರು. ಎಲ್ಲರೂ ಇಳಿಸಿಕೊಂಡರು. ನಾನೂ ಇಳಿಸಿಕೊಂಡೆ. ಆಮೇಲೆ ಕೆಳಗೆ ಬರೆದೆ: ಈ ಉತ್ತರಗಳು ನನ್ನವಲ್ಲ. ಗಲಾಟೆ ಆಯಿತು. ಮತ್ತೆ ಶಾಲೆಗೆ ಹೋಗಲಿಲ್ಲ. ಊರವರು ಇವತ್ತಿಗೂ ನಗುತ್ತಾರೆ. ಇರಲಿ.

ಮಾರ್ಚ್ 22

ಎಲೆಕ್ಷನ್ ಬಂತು. ಲೈಸೆನ್ಸ್ ಇರುವ ಬಂದೂಕು ಎಲ್ಲ ಠಾಣೆಗೆ ಕೊಡಬೇಕು. ಕೊಟ್ಟು ಬಂದೆವು. ಕೊರಳಿಗೆ ಚೀಟಿ ಕಟ್ಟಿ, ತಗಡಿನ ಕೋಣೆಯಲ್ಲಿ ಉಳಿದವುಗಳ ಜೊತೆ ಗೋಡೆಗೆ ಆನಿಸಿ ನಿಲ್ಲಿಸಿದರು. "ಮಲಗಿಸ್ರಿ ಸರ್" ಅಂದೆ. "ಜೋಗುಳಾನೂ ಹಾಡ್ಲೇನ?" ಅಂದ ಪೊಲೀಸ್.

ಜೂನ್ 20

ಮೂರು ತಿಂಗಳು ಏನೂ ಬರೆದಿಲ್ಲ. ರೈಸ್ ಮಿಲ್‌ನಲ್ಲಿ ಹನ್ನೆರಡು ದಿನ, ಬಿಟ್ಟೆ. ಸಾಣಾಪುರ ಕೆರೆಯಲ್ಲಿ ಹರಗೋಲು, ಒಂದು ತಿಂಗಳು. ಟೂರಿಸ್ಟ್ ಹೆಣ್ಣುಮಗಳು "ಮೊಸಳೆ ಇದೆಯಾ?" ಅಂತ ಕೇಳಿದಳು. ನಾನು ನೋಡಿಲ್ಲ, ಆದರೆ ಇಲ್ಲ ಅಂತ ಹೇಳಲಾರೆ ಅಂದೆ. ಇಳಿದೇ ಬಿಟ್ಟಳು. ಮಾಲೀಕ ನನ್ನನ್ನೂ ಇಳಿಸಿದ.

ಮಳೆ ಚಲೋ ಆಗಿದೆ. ಮೆಕ್ಕೆಜೋಳ ಹಾಕಿದ್ದೇವೆ.

ಆಗಸ್ಟ್ 29

ರೈಫಲ್ ಬಂತು. ಲೈಸೆನ್ಸ್ ನವೀಕರಣ ತಡವಾಗಿ ಐದು ತಿಂಗಳು ಠಾಣೆಯಲ್ಲೇ ಉಳಿಯಿತು. ಇಡೀ ಬೇಸಿಗೆ ತಗಡಿನ ಕೆಳಗೆ, ಗೋಡೆಗೆ ಆನಿಕೊಂಡು. ಮೈತುಂಬ ಧೂಳು. ಒರೆಸಿ ಎಣ್ಣೆ ಹಚ್ಚಿದೆ. ಸಣ್ಣಗೆ ತುಕ್ಕು, ಹೋಯಿತು. ನೋಡಲು ಸರಿ ಇದೆ.

ಸೆಪ್ಟೆಂಬರ್ 3. ಬೆಳಿಗ್ಗೆ 9

ನಸುಕಿನಲ್ಲಿ ಹೊಳಿಯಪ್ಪ ಕಾಕಾ ಬಂದು ಕರೆದ. ಅವನ ಹೊಲ ನಮ್ಮ ಹೊಲಕ್ಕೆ ಹತ್ತಿದ್ದು. "ಹಂದಿ ಹೊಕ್ಕಾವ, ಬರ್ರಿ!" ರೈಫಲ್ ತಗೊಂಡು ಓಡಿದೆವು. ಬದುವಿನ ಮೇಲೆ ಆರೇಳು ಜನ. ಹೊಳಿಯಪ್ಪ ಕಾಕಾನ ಹೆಂಡತಿ ಫಕೀರಮ್ಮ ಚಿಗವ್ವ ತಟ್ಟೆ ಬಡಿಯುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಿದಳು.

"ಗಾಳೇಶ ಬಂದ. ಇನ್ನ ತಟ್ಟಿ ಯಾಕ?"

ನೋಟು ಅಂಗಿಯ ಕಿಸೆಯಲ್ಲಿತ್ತು. ನೆನಪೂ ಆಯಿತು. ಮರೆತೆ ಅಂತ ಬರೆದರೆ ಸುಳ್ಳಾಗುತ್ತದೆ. ಎಲ್ಲರೂ ನೋಡುತ್ತಿದ್ದರು. ನೋಟು ತೂರಿಸುತ್ತ ಕೂತರೆ ನಗುತ್ತಾರೆ ಅನಿಸಿತು.

ದೊಡ್ಡ ಗಂಡು ಹಂದಿ, ಬಲಕ್ಕೆ ಮುಖ ಮಾಡಿ ನಿಂತಿತ್ತು. ಐವತ್ತು ಹೆಜ್ಜೆ. ಭುಜಕ್ಕೆ ಹಿಡಿದೆ. ಉಸಿರು ತಡೆದೆ. ಐದಕ್ಕೆ ಒತ್ತಿದೆ. ಕೈ ಅಲುಗಲಿಲ್ಲ, ಇದನ್ನು ಆಣೆ ಮಾಡಿ ಹೇಳಬಲ್ಲೆ. ಹಂದಿ ಹಿಂಗಾಲು ಕುಸಿದು ಎದ್ದು ಹಳ್ಳದ ಕಡೆಗೆ ಹೋಯಿತು.

"ತಪ್ಪಿತು," ಅಂದ ದೊಡ್ಡಪ್ಪ ಎಲ್ಲರಿಗೂ ಕೇಳುವ ಹಾಗೆ.

ಮೆಕ್ಕೆಜೋಳದ ಎಲೆಯ ಮೇಲೆ ಎರಡು ಹನಿ ರಕ್ತ. ಎಲೆ ಕಿತ್ತು ತೋರಿಸಿದೆ.

"ಕೆಮ್ಮಣ್ಣ ಅದು."

"ರಕ್ತ ಐತಿ ದೊಡ್ಡಪ್ಪ."

"ಲೇ, ಲೈಸೆನ್ಸ್ ಯಾರದು? ಹೊಡದಾಂವ ಯಾರು? ಬಾಯಿ ಮುಚ್ಚು."

ಹಳ್ಳದ ತನಕ ಹುಡುಕಿದೆ. ಜಾಲಿಯೊಳಗೆ ಗುರುತು ಕಳೆಯಿತು.

ಸೆಪ್ಟೆಂಬರ್ 4

ನೋಟು ಹಾಕಿದೆ. ನಾಲ್ಕು ಬೆರಳೂ ಹೋಗಲಿಲ್ಲ. ಬಿಸಿಲಿಗೆ ಮರ ಸೊಟ್ಟಗಾಗಿ ನಳಿಗೆಯನ್ನು ಒತ್ತುತ್ತಿದೆ. ರಟ್ಟಿಗೆ ಎರಡು ಗುಂಡು ಹೊಡೆದೆ. ಎರಡೂ ಒಂದು ಗೇಣು ಕೆಳಗೆ, ಎಡಕ್ಕೆ. ಎರಡೂ ಒಂದರ ಪಕ್ಕ ಒಂದು.

ಭುಜದಿಂದ ಒಂದು ಗೇಣು ಕೆಳಗೆ, ಎಡಕ್ಕೆ — ಹೊಟ್ಟೆ.

ನೋಟು ಹಾಕಲು ಒಂದು ನಿಮಿಷ ಬೇಕು. ಕಾಡತೂಸೂ ಬೇಕಿಲ್ಲ.

ಸೆಪ್ಟೆಂಬರ್ 5

ದೊಡ್ಡಪ್ಪನಿಗೆ ಹೇಳಿದೆ: ಗಾಯದ ಹಂದಿ ಹಳ್ಳದಾಗ ಐತಿ, ಆ ಕಡೆ ಯಾರೂ ಹೋಗಬಾರದು, ಊರಿಗೆಲ್ಲ ಹೇಳು. "ಹೇಳ್ತೀನಿ ನಡಿ," ಅಂದ. ಸಂಜೆ ಕೇಳಿದೆ. "ಹೇಳೀನಿ," ಅಂದ.

ನಾನೇ ಹೇಳಬಹುದಿತ್ತು. ತಟ್ಟೆ ನಿಲ್ಲಿಸಿದವಳ ಮುಂದೆ ಹೋಗಿ ನನ್ನ ಗುರಿ ಹೊಟ್ಟೆಗೆ ಬಿತ್ತು ಅನ್ನಲು ನಾಚಿಕೆ. ಬೋರ್ಡ್ ನೋಡಿ ಬರೆದೆ ಅಂತ ಹೇಳುವುದು ಸುಲಭವಿತ್ತು. ಇದು ಸುಲಭವಿಲ್ಲ.

ಸೆಪ್ಟೆಂಬರ್ 12. ರಾತ್ರಿ

ಫಕೀರಮ್ಮ ಚಿಗವ್ವ. ಹಳ್ಳದ ದಂಡೆಗೆ ಹುಲ್ಲು ಕೊಯ್ಯಲು ಹೋಗಿದ್ದಳು. ಹತ್ತು ಗಂಟೆ ಹಗಲು. ಕೂಗು ಕೇಳಿ ಓಡಿದೆ. ಹಂದಿಯ ಕೋರೆಗೆ ತೊಡೆ ಮೊಣಕಾಲಿನ ತನಕ ಹರಿದಿತ್ತು. ಟವೆಲ್ ಬಿಗಿದು ಕಟ್ಟಿದೆ, ಅಂಗಿ ಕಟ್ಟಿದೆ. ಟಾಟಾ ಏಸ್‌ನಲ್ಲಿ ಗಂಗಾವತಿ, ಅಲ್ಲಿಂದ ಕೊಪ್ಪಳ. ಹೊಳಿಯಪ್ಪ ಕಾಕಾ ದಾರಿಯುದ್ದಕ್ಕೂ ಅವಳ ತಲೆ ಹಿಡಿದು ಕೂತಿದ್ದ.

"ಹಳ್ಳದ ಕಡಿ ಹೋಗಬ್ಯಾಡ ಅಂತ ದೊಡ್ಡಪ್ಪ ಹೇಳಿದ್ದಿಲ್ಲೇನ ಕಾಕಾ?"

"ಯಾವಾಗ? ಯಾರೂ ಏನೂ ಹೇಳಿಲ್ಲಪಾ."

ಸೆಪ್ಟೆಂಬರ್ 13

ಬೆಳಿಗ್ಗೆ ನಾಯಿಗಳ ಸದ್ದು ಹಿಡಿದು ಹೋದೆ. ಹಳ್ಳದ ತಿರುವಿನಲ್ಲಿ ಸತ್ತು ಬಿದ್ದಿತ್ತು. ಕೋರೆಗೆ ಚಿಗವ್ವನ ಸೀರೆಯ ಹಸಿರು ಎಳೆ. ಹೊಟ್ಟೆಯ ಕೆಳಗೆ ಒಂದು ತೂತು, ಸುತ್ತ ಕೀವು, ಹುಳ. ಭುಜದಿಂದ ತೂತಿಗೆ ಗೇಣು ಹಾಕಿ ನೋಡಿದೆ.

ಯಾಕೆ ಅಳೆದೆನೋ. ಗೊತ್ತೇ ಇತ್ತು.

ಕುರಿ ಕಾಯುವ ಸಣ್ಣಪ್ಪ ದೂರದಿಂದ ನೋಡಿ ಕೈ ಬೀಸಿದ. ಸಂಜೆ ಮತ್ತೆ ಹೋದಾಗ ನಾಯಿಗಳು ಎಲುಬು ಮಾತ್ರ ಬಿಟ್ಟಿದ್ದವು.

ಸೆಪ್ಟೆಂಬರ್ 15

ಅರಣ್ಯದ ಗಾರ್ಡ್ ರವಿಕುಮಾರ ಸರ್ ಬಂದಿದ್ದರು. ಹೊಳಿಯಪ್ಪ ಕಾಕಾನ ಕಟ್ಟೆಯ ಮೇಲೆ ಕೂತು ಫಾರ್ಮ್ ತುಂಬಿದರು. ನಾನು ಕಂಬದ ಹಿಂದೆ ನಿಂತಿದ್ದೆ.

"ಕಾಡಹಂದಿ ತಾನಾಗೇ ಬಂದು ಹೊಡದೈತಿ ಅಂದ್ರ ಆಸ್ಪತ್ರಿ ಖರ್ಚೂ ಬರ್ತೈತಿ, ಪರಿಹಾರಾನೂ ಬರ್ತೈತಿ. ಯಾರರ ಗುಂಡ ಹಾಕಿ ಗಾಯ ಮಾಡಿದ್ದಂದ್ರ ಅದು ಕೇಸು. ಕೇಸ ಮುಗಿಯೋ ತನಕ ಫೈಲ್ ಅಲ್ಲೇ ಕುಂದರ್ತೈತಿ. ಹಂದಿ ಎಲ್ಲಿ ಹೋತು, ಯಾರರ ನೋಡೀರೇನು?"

"ಸಣ್ಣಪ್ಪ ಹೇಳತಿದ್ದ, ನಿನ್ನಿ ಮೊನ್ನಿ ಗಾಳೇಶ ಹಳ್ಳದಾಗ ಇದ್ದನಂತ," ಅಂದರು ಯಾರೋ.

"ಹಂಗಾರ ಅವನ ಹೇಳಿಕಿ ತಗೋಬೇಕು. ಇವತ್ತ ಹೊತ್ತಾತು. ಮುಂದಿನ ಗುರುವಾರ ಬರ್ತೀನಿ."

ಕಂಬದ ಹಿಂದಿನಿಂದ ಈಚೆ ಬಂದೆ. ಅಷ್ಟರಲ್ಲಿ ಬೈಕ್ ಸ್ಟಾರ್ಟ್ ಆಗಿತ್ತು. ನಿಜ ಹೇಳಬೇಕೆಂದರೆ — ಬೈಕ್ ಸ್ಟಾರ್ಟ್ ಆದ ಮೇಲೇ ಈಚೆ ಬಂದೆ.

ಸೆಪ್ಟೆಂಬರ್ 17. ಕೊಪ್ಪಳ ಆಸ್ಪತ್ರೆ

ಕಾಲು ಉಳಿಯುವುದು ಅನುಮಾನ. ಹುಬ್ಬಳ್ಳಿಗೆ ಒಯ್ಯಿರಿ ಅನ್ನುತ್ತಿದ್ದಾರೆ. ಹೊಳಿಯಪ್ಪ ಕಾಕಾ ಚಹಾ ತರಲು ಕೆಳಗೆ ಹೋದ. ಚಿಗವ್ವ ಕಣ್ಣು ತೆರೆದಳು.

"ಆ ಹಂದಿ ಕುಂಟತಿತ್ತು ಗಾಳೇಶ. ಮೈ ನಾರತಿತ್ತು."

ನಾನು ಅವಳ ಹೊದಿಕೆ ಸರಿಮಾಡಿದೆ.

"ನೀ ಹೊಡದದ್ದ ಹೌದಿಲ್ಲೋ ಅದು?"

"ಹೌದು ಚಿಗವ್ವ."

ಬೈಯುತ್ತಾಳೆ ಅಂದುಕೊಂಡೆ. ಬೈಯಬೇಕಾಗಿತ್ತು. ಸೀಲಿಂಗ್ ಫ್ಯಾನ್ ನೋಡುತ್ತ ಮಲಗಿದಳು.

"ಅವತ್ತ ತಟ್ಟಿ ನಾನ ನಿಲ್ಲಿಸಿದೆ. ಬಡಕೊಂತ ಇದ್ದಿದ್ರ ಓಡಿ ಹೋಗತಿತ್ತು."

"ಹಂಗನಬ್ಯಾಡ ಚಿಗವ್ವ. ತಪ್ಪ ನಂದು. ಗಾರ್ಡ್ ಮುಂದ ಎಲ್ಲಾ ಹೇಳ್ತೀನಿ."

ಆಗ ಅವಳಿಗೆ ಸಿಟ್ಟು ಬಂತು. ಎದ್ದು ಕೂರಲು ನೋಡಿದಳು, ಆಗಲಿಲ್ಲ.

"ಹೇಳಿ? ಹೇಳಿ ನೀ ಹಗುರ ಆಗ್ತಿ. ನನ್ನ ಕಾಲು? ಹುಬ್ಬಳ್ಳಿಗೆ ಯಾರ ಒಯ್ತಾರ, ನಿಮ್ಮ ದೊಡ್ಡಪ್ಪ?"

"ಸುಳ್ಳ ಹೇಳಾಕ ಬರಂಗಿಲ್ಲ ನನಗ."

"ಗೊತ್ತೈತೋ, ಇಡೀ ಊರಿಗೆ ಗೊತ್ತೈತಿ. ಸುಳ್ಳ ಹೇಳಬ್ಯಾಡ. ಕೇಳೋರ ಇಲ್ಲದ ಕಡಿ ಹೋಗು. ಗುರುವಾರ ಊರಾಗ ಇರಬ್ಯಾಡ, ಅಷ್ಟ. ಇಷ್ಟ ಮಾಡು ನನಗ."

ಕಾಕಾ ಚಹಾ ತಂದ. ನನಗೂ ಒಂದು ಕಪ್ಪು. ಕುಡಿದೆ.

ಸೆಪ್ಟೆಂಬರ್ 18

ದೊಡ್ಡಪ್ಪ ಊಟ ಬಿಟ್ಟಿದ್ದಾನೆ. "ಹೇಳೀನಿ ಅಂತ ಯಾಕ ಸುಳ್ಳ ಹೇಳಿದಿ?" ಅಂತ ಕೇಳಿದೆ. "ನಿನ್ನ ಹೆಸರ ಹೊರಗ ಬರತೈತಂತ," ಅಂದ. ಲೈಸೆನ್ಸ್ ಹೋಗುತ್ತದೆ ಅನ್ನುತ್ತಾನೆ ಅಂದುಕೊಂಡಿದ್ದೆ. ಅದೂ ಇರಬಹುದು.

ಮರ ತಿಕ್ಕಿದೆ. ನೋಟು ಈಗ ಈ ತುದಿಯಿಂದ ಆ ತುದಿಗೆ ಸರಾಗ ಸರಿಯುತ್ತದೆ.

ನಾಳೆ ಏಳೂವರೆಯ ಕುಷ್ಟಗಿ ಬಸ್. ಚೀಲ ಕಟ್ಟಿದ್ದೇನೆ.

ಸೆಪ್ಟೆಂಬರ್ 19, ಗುರುವಾರ. ಬೆಳಿಗ್ಗೆ 7:05

ಗಾರ್ಡ್ ಬೇಗ ಬಂದುಬಿಟ್ಟರು. ಬೈಕ್ ಸದ್ದು ಕೇಳಿ ಒಳಕೋಣೆಗೆ ಬಂದೆ. ಕಾಳಿನ ಚೀಲದ ಮೇಲೆ ಕೂತು ಬರೆಯುತ್ತಿದ್ದೇನೆ. ಹಿತ್ತಲ ಬಾಗಿಲು ತೆರೆದಿದೆ. ಅವ್ವ ಚೀಲವನ್ನು ಅಲ್ಲಿಟ್ಟು, ನನ್ನ ಮುಖ ನೋಡದೆ ಹೋದಳು.

"ಗಾಳೇಶ ಅದಾನೇನ್ರಿ?"

"ಇಲ್ರಿ ಸಾಹೇಬ್ರ. ಕೆಲಸ ಹುಡುಕ್ಕೊಂಡ ಹೋಗ್ಯಾನ." ದೊಡ್ಡಪ್ಪನ ದನಿ.

"ಎಲ್ಲಿಗೆ?"

"ಏನ ಹೇಳಿ ಹೋಗ್ತಾವ್ರಿ ಈಗಿನ ಹುಡುಗರು…"

"ಅವನ ಚಪ್ಪಲಿ ಇಲ್ಲೇ ಅದಾವಲ್ರಿ ಮತ್ತ."

ದೊಡ್ಡಪ್ಪ ಚಪ್ಪಲಿ ಸರಿಸಿದ ಸದ್ದು.

"ಒಂದ ಸಲ ಕೂಗ್ತೀನಿ ತಡೀರಿ. ಇಲ್ಲಂದ್ರ ಇಲ್ಲಂತ ಬರ್ಕೊಂಡ ಹೋಗ್ತೀನಿ. — ಗಾಳೇಶಾ!"

ಅರ್ಧ ಉಸಿರು ಬಿಟ್ಟು ತಡೆದಿದ್ದೇನೆ. ಎಂಟರೊಳಗೆ ಓಗೊಡಬೇಕು, ಇಲ್ಲವೇ ಹಿತ್ತಲ ಬಾಗಿಲು. ಒಂದು. ಚಿಗವ್ವನನ್ನು ಇವತ್ತು ಹುಬ್ಬಳ್ಳಿಗೆ ಒಯ್ಯುತ್ತಾರೆ. ಎರಡು. ಮೂರು. ಪೆನ್ನು ಅಲುಗುತ್ತಿಲ್ಲ. ನಾಲ್ಕು. ಗಾರ್ಡ್ ಕಟ್ಟೆಯಿಂದ ಎದ್ದ ಸದ್ದು. ಐದು. ಆರು. ಬೈಕಿನ ಕೀಲಿ. ಏಳು